ಬಟಾಟೆ ಸಾಲಿಗೆ ಹಸಿ ಮಡ್ಡಿ

ನಮ್ಮ ಯಜಮಾನರು ತಾವು ಮಾಡಿದ ತಪ್ಪನ್ನು ಮೂವರು ಹೆಂಗಸರ ಮೇಲೆ ಹಾಕಿದರು. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ತೊಂಬತ್ತರ ದಶಕದ ಮಾತು. ಬೈಲಹೊಂಗಲದ ಕಡೆ ಸಕ್ಕರೆ ಫ್ಯಾಕ್ಟರಿಯ ಮಡ್ಡಿ ಹೊಲಗಳಿಗೆ ಬರತೊಡಗಿತ್ತು. ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯುವ ಕರಿ ಗಸಿ ಅದು. ಬಟಾಟೆಗೆ ಒಳ್ಳೆಯ ಗೊಬ್ಬರ, ಸುಳ್ಳಲ್ಲ. ಆದರೆ ತಿಪ್ಪೆಯಲ್ಲಿ ಕೊಳೆತು ತಣ್ಣಗಾಗಬೇಕು. ನಮ್ಮವರು ಬಿತ್ತುವ ಹೊತ್ತಿಗೇ ಎರಡು ಟ್ರ್ಯಾಕ್ಟರ್ ತರಿಸಿದರು. ಗುಡ್ಡೆಯೊಳಗೆ ಮೊಳಕೈವರೆಗೆ ಕೈ ಹಾಕಿದವಳು ಥಟ್ಟನೆ ಎಳೆದುಕೊಂಡೆ.

“ರೀ, ಇದು ಒಳಗ ಕುದ್ಯಾಕ ಹತ್ತೇತಿ. ಈಗ ಹಾಕಬ್ಯಾಡ್ರಿ.”

“ಕುರಿ ಹಿಕ್ಕಿ ಹಸೀದ ಹಾಕ್ತೇವಿಲ್ಲ? ಅದಕ್ಕ ಆಗದ್ದು ಇದಕ್ಕ ಏನಾಕ್ಕೈತಿ?”

ನಮ್ಮಲ್ಲಿ ಹೊಲದಲ್ಲಿ ಕುರಿ ನಿಲ್ಲಿಸಿ, ಬಿದ್ದ ಹಿಕ್ಕಿಯನ್ನು ಹಾಗೆಯೇ ಮಣ್ಣಿಗೆ ಸೇರಿಸುವ ರೂಢಿ. ಅದೇ ಲೆಕ್ಕ ಮಡ್ಡಿಗೂ ಹಚ್ಚಿದರು.

“ಹಿಕ್ಕಿ ಕೈ ಸುಡೂದಿಲ್ರಿ.”

“ಹಂಗಾರ ಇದರ ಮ್ಯಾಲ ರೊಟ್ಟಿ ಬೇಯಿಸು, ಕಟಗಿಯರ ಉಳೀತಾವು,” ಎಂದರು. ಟ್ರ್ಯಾಕ್ಟರಿನವನೂ ನಕ್ಕ.

ನಾನೂ ಓಣಿಯ ಮೂವರು ಹೆಂಗಸರೂ ಎರಡು ದಿನ ಕುಂತು ಬೀಜದ ಗಡ್ಡೆ ಕೊಯ್ದು, ಬೂದಿ ಹಚ್ಚಿ ಕೊಟ್ಟೆವು. ನಮ್ಮವರು ಸಾಲಿಗೆ ಮಡ್ಡಿ ಸುರಿದು ಅದರ ಮೇಲೆಯೇ ಊರಿಸಿದರು.

ಇಪ್ಪತ್ತು ದಿನವಾದರೂ ಮಡ್ಡಿ ಬಿದ್ದ ಸಾಲುಗಳಲ್ಲಿ ಮೊಳಕೆ ಇಲ್ಲ. ಕೆದರಿದರೆ ಹೋಳುಗಳು ಲೋಳೆಯಾಗಿ ಬೆರಳಿಗೆ ಅಂಟಿದವು, ಗಬ್ಬು ನಾತ. ನಮ್ಮವರು ಊರ ಕಟ್ಟೆಯ ಮೇಲೆ ಕುಂತು ಗಂಡಸರ ಮುಂದೆ ಹೇಳಿದ್ದೇನು? “ಮುಟ್ಟಾದಾಕಿ ಯಾವಾಕಿನೋ ಬೀಜ ಕೊಯ್ದಾಳ. ಅದಕ್ಕ ಕೊಳತಾವು.”

ಸಂಜೆಯೊಳಗೆ ಮಾತು ಓಣಿ ಮುಟ್ಟಿತು. ಮೂವರಲ್ಲಿ ಹಿರಿಯಳು ಬಂದು ನಮ್ಮ ಬಾಗಿಲಲ್ಲಿ ನಿಂತಳು. “ತಂಗೆವ್ವಾ, ನನಗ ಮುಟ್ಟ ನಿಂತು ಹತ್ತ ವರ್ಷಾತು. ನಿಮ್ಮ ಯಜಮಾನ್ರಿಗೆ ಅಷ್ಟ ಹೇಳು.” ಒಳಗೆ ಕರೆದರೂ ಬರಲಿಲ್ಲ.

ಟ್ರ್ಯಾಕ್ಟರ್ ತಿರುಗದ ಮೂಲೆಯಲ್ಲಿ ಮಡ್ಡಿ ಬಿದ್ದಿರಲಿಲ್ಲ. ಅದೇ ಬೀಜ, ಕೊಯ್ದ ಕೈಗಳೂ ಅವೇ. ಅಲ್ಲಿ ನಾಲ್ಕು ಸಾಲು ಹಸಿರಾಗಿ ಎದ್ದಿದ್ದವು. ಮರುದಿನ ನಮ್ಮವರನ್ನು ಅಲ್ಲಿಗೆ ಕರೆದೊಯ್ದೆ.

“ಇವನ್ನ ಗಂಡಸರ ಕೊಯ್ದಾರೇನ್ರಿ?”

ಟೊಪ್ಪಿಗೆ ತೆಗೆದು ತಲೆ ಕೆರೆದರು. “ಆತು ಬಿಡ. ಮಡ್ಡಿದ ತಪ್ಪು.”

“ಮಡ್ಡಿಗೆ ಕಾಲ ಅದಾವೇನು, ತಾನ ನಡಕೋತ ಬಂದು ಸಾಲಿನ್ಯಾಗ ಕುಂತೇತಿ? ಕಟ್ಟಿ ಮ್ಯಾಲ ಅಂದೀರಿ, ಅದ ಕಟ್ಟಿ ಮ್ಯಾಲ ತಪ್ಪು ನಂದು ಅನ್ರಿ.”

“ಹೆಂಗಸರ ಸಲುವಾಗಿ ನಾ ಕಟ್ಟಿ ಮ್ಯಾಲ ತಪ್ಪಾತು ಅನ್ಲೇನು? ಹುಚ್ಚಿ ಅದೀ ಏನು?”

ಅನ್ನಲಿಲ್ಲ. ತಪ್ಪು ನಮ್ಮವರದೇ ಎಂದು ಮೂರೂ ಮನೆಗೆ ನಾನೇ ಹೋಗಿ ಹೇಳಿ ಬಂದೆ. ಕಟ್ಟೆಯ ಮೇಲೆ ಹಚ್ಚಿದ ಮಸಿ ಅಡುಗೆಮನೆಯಲ್ಲಿ ಹೇಳಿದರೆ ಹೋಗುತ್ತದೆಯೇ?

ಮುಂದಿನ ಸಲ ಮಡ್ಡಿಯನ್ನು ಸಗಣಿ ಬೆರೆಸಿ ತಿಪ್ಪೆಗೆ ಹಾಕಿಸಿದೆ. ತಿಂಗಳುಗಟ್ಟಲೆ ನೀರು ಹೊಡೆದು ತಿರುವಿದವಳು ನಾನು. ಕೇಳಿದವರಿಗೆ ನಮ್ಮವರು, “ಕೊಳಸಿ ಹಾಕಬೇಕ್ರಿ, ಹಸೀದ ನಡ್ಯಾಂಗಿಲ್ಲ,” ಎಂದು ತಾವೇ ಕಂಡುಹಿಡಿದವರಂತೆ ಹೇಳುತ್ತಿದ್ದರು.

ಬೀಜ ಕೊಯ್ಯಲು ಮೂವರನ್ನೂ ಕರೆದೆ. ಬರಲಿಲ್ಲ. ಸರಿಯಾಗಿಯೇ ಮಾಡಿದರು. ಈಳಿಗೆ ತಂದು ನಮ್ಮವರ ಮುಂದೆ ಇಟ್ಟೆ.

“ಕುಂತ ಕೊಯ್ರಿ. ನೀವಂತೂ ಮುಟ್ಟಾಗಂಗಿಲ್ಲ.”

ಓಣಿಯವರು ಯಾರೂ ಕಾಣಬಾರದೆಂದು ನಮ್ಮವರು ಬಾಗಿಲು ಮುಂದಕ್ಕೆಳೆದು ಕುಂತರು. ನಾನು ಎದ್ದು ಹೋಗಿ ಎರಡೂ ಕದ ತೆರೆದೆ.