ವೇದಿಕೆ ಹತ್ತದ ಜೋಸ್ಫಿನ್

ಕೊಲ್ಲಿ ದೇಶದ ಅಲ್ ಐನ್‌ನ ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದ ಕೊರಗಪ್ಪ ಕಲಿತದ್ದು ಐದನೇ ಕ್ಲಾಸು; ಕಟ್ಟಳೆ ಕಟ್ಟುವ ತಲೆ ಮಾತ್ರ ವಕೀಲರದ್ದು. ಊರವರ ಸಂಘಕ್ಕೆ ವ್ಯಾಪಾರಸ್ಥರು ವರ್ಷಕ್ಕೊಮ್ಮೆ ವಂತಿಗೆ ಕೊಡಬೇಕಿತ್ತು. ಬಡವರ ಮಕ್ಕಳ ಫೀಸಿಗೆ ಯಾರು ಕೊಡುತ್ತಾರೋ ಅವರ ವಂತಿಗೆಯಲ್ಲಿ ಅಷ್ಟು ವಜಾ, ಶಾಲೆ ಯಾವುದೆಂದು ಹೆತ್ತವರೇ ಆರಿಸಬೇಕು: ಈ ಯೋಜನೆ ಅವನದೇ. ಒಪ್ಪಿಸಲು ಎರಡು ವರ್ಷ ಮನೆಮನೆ ಸುತ್ತಿದ. ಎಲ್ಲ ಮಕ್ಕಳೂ ತನ್ನ ಪರಿಚಯದ ಶಾಲೆಗೇ ಹೋಗಲೆಂದು ಅಧ್ಯಕ್ಷ ಮೋಹನದಾಸ್ ಹಟ ಹಿಡಿದಾಗ, ಹೊರೆ ಹೊತ್ತವನಿಗಲ್ಲವೇ ಭಾರ ಗೊತ್ತು ಎಂದು ಬಾಯಿ ಮುಚ್ಚಿಸಿದ.

೨೦೧೪ರಲ್ಲಿ ಎಲ್ಲರೂ ಒಪ್ಪಿದರು. ದಾನಿಗಳ ಮನ ಒಲಿಸಲು ಕೊರಗಪ್ಪ ಇನ್ನೊಂದು ನಿಯಮ ಸೇರಿಸಿದ: ಹೆತ್ತವರು ಮಗುವಿನೊಂದಿಗೆ ವಾರ್ಷಿಕೋತ್ಸವದ ವೇದಿಕೆ ಹತ್ತಿ, ದಾನಿಗೆ ಶಾಲು ಹೊದಿಸಿ ಚೆಕ್ ಪಡೆಯಬೇಕು. ಶಾಲು, ಹಾರ, ಫೋಟೊ ಇಲ್ಲದೆ ನಮ್ಮ ಸಂಘಗಳಲ್ಲಿ ಕಡ್ಡಿಯೂ ಅಲುಗುವುದಿಲ್ಲವಲ್ಲ.

ಅವನ ಮನಸ್ಸಿನಲ್ಲಿದ್ದ ಮೊದಲ ಹೆಸರು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಜೋಸ್ಫಿನ್‌ಳದ್ದು. ಗಂಡ ಬೆನೆಡಿಕ್ಟನ ಸಂಬಳ ಅರ್ಧಕ್ಕಿಳಿದಿತ್ತು. ಫೀಸು ಹುಟ್ಟದಿದ್ದರೆ ಮಗಳು ಕ್ಯಾರೊಲಿನ್ ಊರಿಗೆ, ಶಿರ್ವದ ಅಜ್ಜಿಯ ಮನೆಗೆ ಹೋಗಬೇಕಿತ್ತು.

ಉತ್ಸವಕ್ಕೆ ಎರಡು ದಿನವಿರುವಾಗ ಜೋಸ್ಫಿನ್ ಗೋದಾಮಿಗೆ ಬಂದಳು.

“ಕೊರಗಪ್ಪಣ್ಣ, ಚೆಕ್ ಶಾಲೆಗೇ ಕೊಡ್ಲಿಕ್ಕೆ ಆಗ್ತದಾ? ನಾನು ಬಟ್ಟೆ ಒಗಿಯೂದು ಮಗಳ ಕ್ಲಾಸಿನವರಿಗೆ ಗೊತ್ತಿಲ್ಲ. ವೇದಿಕೆಯಲ್ಲಿ ಕೆಲಸ ಎಲ್ಲ ಹೇಳಿ ಕರೀತಾರಲ್ಲ. ಅವರ ಅಪ್ಪ-ಅಮ್ಮ ಎಲ್ಲ ಮುಂದಿನ ಸಾಲಲ್ಲೇ ಇರ್ತಾರೆ.”

“ನಾಚಿಕೆ ಎಂತದ್ದು ಜೋಸ್ಫಿನ್ ಬಾಯಿ? ನಾನು ಮೂಟೆ ಹೊತ್ತವ. ನಿಮ್ಮೊಬ್ಬರಿಗೆ ನಿಯಮ ಸಡಿಲ ಮಾಡಿದ್ರೆ ನಾಳೆ ಎಲ್ಲರೂ ಕೇಳ್ತಾರೆ.”

ಅವಳು ತಲೆಯಾಡಿಸಿ ಹೋದಳು. ಉತ್ಸವದ ದಿನ ಕ್ಯಾರೊಲಿನ್‌ಳ ಹೆಸರನ್ನು ಮೂರು ಸಲ ಕೂಗಿದರು. ಯಾರೂ ಏಳಲಿಲ್ಲ. ತಿಂಗಳೊಳಗೆ ಹುಡುಗಿ ಊರಿನ ವಿಮಾನ ಹತ್ತಿದಳು. ಬಾವಿ ತೋಡಿದವನೇ ಹಗ್ಗ ಅಡಗಿಸಿಟ್ಟಂತಾಯಿತು.

ಮರುವರ್ಷ ಕೊರಗಪ್ಪ ಸಭೆಯಲ್ಲಿ ತಪ್ಪೊಪ್ಪಿಕೊಂಡು ಆ ನಿಯಮ ಹೊಡೆದುಹಾಕಿಸಿದ. ಚೆಕ್ ನೇರ ಶಾಲೆಗೆ ಹೋಗತೊಡಗಿತು. ದಾನಿಗಳಲ್ಲಿ ಒಬ್ಬನೂ ಶಾಲು ಕೇಳಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು.

ತರಕಾರಿ ಮಾರುಕಟ್ಟೆಯಲ್ಲಿ ಜೋಸ್ಫಿನ್‌ಳನ್ನು ತಡೆದು ಸುದ್ದಿ ಹೇಳಿದ. ಮಗಳನ್ನು ಕರೆಸಿಕೊಳ್ಳಿ, ಅರ್ಜಿ ನಾನೇ ಬರೆಯುತ್ತೇನೆ ಎಂದ.

“ಅವಳತ್ರ ಆಗ್ಲೇ ಕೇಳಿದೆ ಅಣ್ಣ. ಬರೂದಿಲ್ಲ ಅಂತಾಳೆ. ಈಗ ಅಜ್ಜಿಯನ್ನೇ ಅಮ್ಮ ಅಂತ ಕರಿತಾಳೆ” ಎಂದು ಹೇಳಿ ಅವಳು ಬೆಂಡೆಕಾಯಿ ಆರಿಸತೊಡಗಿದಳು.