ಕುಂಕುಮದ ನೀರು ಒಳಗೆ ಇಳಿದಿರಲಿಲ್ಲ

ಸರೋಜಾ, ಅನುವಿನ ಕಂಪ್ಯೂಟರು ಕೆಟ್ಟಿರಲಿಲ್ಲ. ನಿನ್ನ ಕುಂಕುಮದ ನೀರು ಅದರೊಳಗೆ ಇಳಿದಿರಲಿಲ್ಲ—ಒಂದು ಹನಿಯೂ ಇಲ್ಲ. ನಮ್ಮ ಮಗಳು ಮಾಡಿಟ್ಟು ಹೋದ ಆ ಪುಟ್ಟ ಲೋಕವನ್ನು ಹಾಳು ಮಾಡಿದವನು ನಾನು. ಮಾಡಿದ್ದು ನಾನು, ಹೊರಿಸಿದ್ದು ನಿನ್ನ ಮೇಲೆ. ಏಳು ವರ್ಷದಿಂದ ನೀನು ಬಡಿಸಿದ್ದನ್ನು ಉಣ್ಣುತ್ತ ಸುಮ್ಮನೆ ಕೂತಿದ್ದೇನೆ.

ಬಾಯಲ್ಲಿ ಹೇಳಬಹುದಿತ್ತು. ಎಷ್ಟೋ ಸಲ ಬಾಯಿ ತೆರೆದೆ, ‘ಸರೋಜಾ’ ಎಂದೆ, ನೀನು ‘ಏನ್ರೀ?’ ಎಂದೆ, ನಾನು ‘ಮಜ್ಜಿಗೆ ಇದ್ಯಾ?’ ಎಂದು ಕೇಳಿದೆ. ಅಷ್ಟೇ ನನ್ನ ಧೈರ್ಯ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ—ಬರೆಯುತ್ತ ಬರೆಯುತ್ತ ಗೊತ್ತಿಲ್ಲದ್ದನ್ನು ಮುಟ್ಟುವ ಶಕ್ತಿ ಬರಬಹುದು.

ಅನು ಸೆಕೆಂಡ್ ಪಿಯುಸಿಗೆ ಹೋಗಬೇಕಿದ್ದ ವರ್ಷ ರಕ್ತದ ಕಾಯಿಲೆ ಬಂದು ಮನೆಯಲ್ಲೇ ಉಳಿದಳು. ಮೊದಮೊದಲು ಗೆಳತಿಯರು ಬಂದರು, ಆಮೇಲೆ ಬರುವುದು ಕಡಿಮೆಯಾಯಿತು. ಹುಡುಗಿ ಗೋಡೆ ನೋಡಿಕೊಂಡು ಮಲಗುವುದನ್ನು ಕಾಣಲಾರದೆ, ದೇವರಾಜ ಮೊಹಲ್ಲಾದ ನನ್ನ ಅಂಗಡಿಯಲ್ಲಿ ಮಿಕ್ಸಿ, ಫ್ಯಾನು, ಮೋಟಾರುಗಳ ರಿಪೇರಿ ನಡುವೆ ಕೂತು, ಹಳೆಯ ಭಾಗಗಳನ್ನು ಜೋಡಿಸಿ ಅವಳಿಗೊಂದು ಕಂಪ್ಯೂಟರು ಮಾಡಿಕೊಟ್ಟೆ. ಅದರಲ್ಲಿ ಅವಳು ಆ ಆಟ ಹಾಕಿಕೊಂಡಳು. ಗೆಲ್ಲುವುದು, ಸೋಲುವುದು ಇಲ್ಲದ ಆಟ. ಮೊದಲು ಒಂದು ಬರಿಯ ಕಲ್ಲಿನ ಗೋಳ ಕೊಡುತ್ತಾರೆ. ಬೆಟ್ಟ ಎಬ್ಬಿಸಬೇಕು, ಸಮುದ್ರ ತುಂಬಿಸಬೇಕು, ಬಿಸಿ ಎಷ್ಟು, ಗಾಳಿ ಎಷ್ಟು ಎಂದು ಹದ ನೋಡಬೇಕು. ಹದ ಕೂಡಿದರೆ ನೀರಿನಲ್ಲಿ ಜೀವ ಹುಟ್ಟುತ್ತದೆ. ಕಾಲವನ್ನು ಓಡಲು ಬಿಟ್ಟರೆ ಆ ಜೀವ ಬೆಳೆಯುತ್ತ, ಬದಲಾಗುತ್ತ, ಒಂದು ಹೋಗಿ ಹತ್ತಾಗುತ್ತದೆ. ಬೇಕೆಂದಾಗ ಕಾಲವನ್ನೇ ನಿಲ್ಲಿಸಲೂ ಒಂದು ಗುಂಡಿ ಇತ್ತು.

ಎಷ್ಟು ಚೆಂದದ ಹೆಸರುಗಳನ್ನಿಟ್ಟಿದ್ದಳು! ಮೂರು ಕಾಲಿನ, ಹೊಟ್ಟೆ ಮುಂದಿರುವ ಒಂದು ಪ್ರಾಣಿಗೆ ಮೂರ್ಕಾಲಪ್ಪ—ಅಂಗಡಿಯ ಮೂರು ಕಾಲಿನ ಸ್ಟೂಲಿನ ಮೇಲೆ ನಾನು ಹಾಗೇ ಕೂರುತ್ತೇನಂತೆ. ಬೆನ್ನ ಮೇಲೆ ಮೊಟ್ಟೆ ಹೊತ್ತು ಸಮುದ್ರದ ತಳದಲ್ಲಿ ತೆವಳುವ ಇನ್ನೊಂದಕ್ಕೆ ನಿಧಾನಮ್ಮ. ‘ಯಾರೇ ಅದು ನಿಧಾನಮ್ಮ? ಒಂದಿನ ನನ್ ಥರ ದುಡ್ದು ನೋಡು’ ಎಂದು ನೀನು ಅಡುಗೆಮನೆಯಿಂದಲೇ ಕೂಗಿದರೆ ಅವಳು ನಕ್ಕೂ ನಕ್ಕೂ ಕೆಮ್ಮುತ್ತಿದ್ದಳು. ಆ ನಿಧಾನಮ್ಮ ನೀರು ಬಿಟ್ಟು ನೆಲಕ್ಕೆ ಬರುವುದನ್ನೇ ಅವಳು ಕಾಯುತ್ತಿದ್ದಳು. ‘ದಡ ಒಂದು ಹತ್ಬುಟ್ರೆ ಸಾಕಪ್ಪ’ ಎನ್ನುತ್ತಿದ್ದಳು.

ಆಸ್ಪತ್ರೆಗೆ ಸೇರಿಸಿದ ಬೆಳಿಗ್ಗೆ ಆಟೋ ಬಂದು ನಿಂತಿತ್ತು. ಅವಳು ಕಂಪ್ಯೂಟರಿನ ಮುಂದೆ ಕೂತು, ಕಾಲವನ್ನು ನಿಲ್ಲಿಸುವ ಗುಂಡಿ ಒತ್ತಿ, ನಿನ್ನ ಕೈ ಹಿಡಿದುಕೊಂಡಳು. ‘ಅಮ್ಮ, ನಾನು ಬರೋವರ್ಗೂ ಟೈಮ್ ಓಡ್ಸಬೇಡ. ನಾನಿಲ್ದೇ ಇರೋವಾಗ ಏನಾದ್ರೂ ಆಗ್ಬುಟ್ರೆ ನಂಗೆ ಗೊತ್ತಾಗಲ್ಲ.’

ಅವಳು ಬರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ನೀನು ಅವಳ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಹೋಗಿ ಕೂತೆ. ಅಲ್ಲಿಯವರೆಗೆ ಅದರ ಗುಂಡಿ ಯಾವುದೆಂದೂ ನಿನಗೆ ತಿಳಿದಿರಲಿಲ್ಲ. ಹೇಗೆ ಕಲಿತೆಯೋ. ಅಂದಿನಿಂದ ದಿನವೂ ಮಧ್ಯಾಹ್ನ ಬ್ಲೌಸುಗಳನ್ನು ಹೊಲಿದು ಮುಗಿಸಿ, ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಕಂಪ್ಯೂಟರು ಹಾಕುತ್ತಿದ್ದೆ. ಮೌಸು ಹಿಡಿದು ಗೋಳವನ್ನು ಮೆಲ್ಲಗೆ ತಿರುಗಿಸುತ್ತಿದ್ದೆ. ಎಲ್ಲ ನಿಂತಲ್ಲೇ ನಿಂತಿರುತ್ತಿದ್ದವು—ಅಲೆ ನಿಂತಿತ್ತು, ಮೋಡ ನಿಂತಿತ್ತು, ನಿಧಾನಮ್ಮ ಒಂದು ಕಾಲೆತ್ತಿ ನಿಂತಿದ್ದಳು. ನೀನು ಕಾಲವನ್ನು ಒಂದು ಕ್ಷಣವೂ ಓಡಿಸಲಿಲ್ಲ. ಎರಡು ವರ್ಷ.

ಇನ್ನು ನಿನಗೆ ಗೊತ್ತಿಲ್ಲದ್ದು.

ನನಗೆ ಆ ಕಂಪ್ಯೂಟರಿನ ಮೇಲೆ ಸಿಟ್ಟಿತ್ತು. ಅಂಗಡಿಯಿಂದ ಊಟಕ್ಕೆ ಬಂದರೆ ನಿನ್ನ ಬೆನ್ನು ಮಾತ್ರ ಕಾಣುತ್ತಿತ್ತು. ನಾನೂ ಅವಳ ಅಪ್ಪನಲ್ಲವೇ—ನನಗೂ ಯಾರಾದರೂ ಬೇಕಿತ್ತಲ್ಲ! ನೀನು ಅಲ್ಲಿ ಕೂತು ಅವಳ ಜೊತೆ ಇರುತ್ತಿದ್ದೆ. ನಾನು ತಟ್ಟೆ ಮುಂದೆ ಒಬ್ಬನೇ ಇರುತ್ತಿದ್ದೆ. ‘ಎಷ್ಟ್ ದಿನ ಅಂತ ಹಿಂಗೆ ನೋಡ್ತಾ ಕೂರ್ತೀಯೇ?’ ಎಂದು ಒಂದು ದಿನ ಕೂಗಾಡಿದೆ. ನೀನು ತಿರುಗಲೂ ಇಲ್ಲ. ಇದನ್ನು ಕಾರಣ ಎಂದು ಬರೆಯುತ್ತಿಲ್ಲ. ಇದು ಇತ್ತು, ಅಷ್ಟೇ.

ಎರಡನೆಯ ವರ್ಷದ ಆಯುಧಪೂಜೆ. ಬೆಳಿಗ್ಗೆಯೇ ನೀನು ಸ್ಕೂಟರು, ಹೊಲಿಗೆ ಯಂತ್ರ, ಮಿಕ್ಸಿ ಎಲ್ಲಕ್ಕೂ ಪೂಜೆ ಮಾಡಿದೆ. ಕಂಪ್ಯೂಟರಿನ ಪೆಟ್ಟಿಗೆಯನ್ನು ಒರೆಸಿ, ಅದರ ನೆತ್ತಿಗೆ ನೀರಿನಲ್ಲಿ ಕಲಸಿದ ಗಂಧ, ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಮಗುವಿನ ತಲೆ ಸವರುವ ಹಾಗೆ ಒಮ್ಮೆ ಸವರಿದೆ. ನಾನು ನೋಡಿದೆ. ಪೂಜೆಗೆ ಇಟ್ಟ ಯಂತ್ರವನ್ನು ಆ ದಿನ ಮುಟ್ಟುವ ಹಾಗಿಲ್ಲವಲ್ಲ—ಎರಡು ವರ್ಷದಲ್ಲಿ ನೀನು ಆ ಕುರ್ಚಿಯಲ್ಲಿ ಕೂರದ ದಿನಗಳೆಂದರೆ ಆ ಎರಡು ಆಯುಧಪೂಜೆಗಳು ಮಾತ್ರ. ಮಧ್ಯಾಹ್ನ ನೀನು ಯಾದವಗಿರಿಯ ನಿನ್ನ ತಂಗಿಯ ಮನೆಗೆ ಗೊಂಬೆ ನೋಡಲು, ಅರಿಶಿನ ಕುಂಕುಮಕ್ಕೆ ಹೋದೆ. ಮನೆಯಲ್ಲಿ ನಾನೊಬ್ಬನೇ.

ನಾನು ಹೂವು ತೆಗೆದಿಟ್ಟು ಕಂಪ್ಯೂಟರು ಹಾಕಿದೆ. ಒಂದೇ ಒಂದು ನಿಮಿಷ ಓಡಿಸಿ ಮತ್ತೆ ನಿಲ್ಲಿಸುತ್ತೇನೆ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಕಾಲದ ಗುಂಡಿ ಒತ್ತಿದೆ.

ಸರೋಜಾ, ಅವು ನಡೆದವು! ಎತ್ತಿದ ಕಾಲನ್ನು ನಿಧಾನಮ್ಮ ಕೆಳಗಿಟ್ಟಳು. ಮೂರ್ಕಾಲಪ್ಪ ಹೊಟ್ಟೆ ಕುಣಿಸಿಕೊಂಡು ಅವಳ ಹಿಂದೆ ಹೋದ. ನಾನು ಗಟ್ಟಿಯಾಗಿ ಅತ್ತುಬಿಟ್ಟೆ—ಮಗಳು ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅವಳು ಕಾಯುತ್ತಿದ್ದದ್ದನ್ನು ನಾನು ನೋಡಿಬಿಡಬೇಕು, ನಿಧಾನಮ್ಮ ದಡ ಹತ್ತುವುದನ್ನು ನೋಡಿ ನಿನ್ನನ್ನು ಕರೆದು ತೋರಿಸಬೇಕು—ಹೀಗೆ ಏನೇನೋ. ದಡದಂಚಿಗೆ ಹಿಮ ಕಟ್ಟಿತ್ತು. ಹಿಮ ಕರಗಿದರೆ ಹತ್ತುತ್ತಾಳೆ ಎಂದು ಬಿಸಿಯನ್ನು ಒಂದಿಷ್ಟು ಏರಿಸಿದೆ. ಇಡೀ ಊರಿನ ಮೋಟಾರು ರಿಪೇರಿ ಮಾಡುವವನಿಗೆ ಇದೇನು ಮಹಾ ಎಂಬ ಜಂಭ. ಕಾಲವನ್ನು ಜೋರಾಗಿ ಓಡಿಸಿದೆ.

ಹಿಮ ಕರಗಿತು. ಆಮೇಲೆ ಸಮುದ್ರ ಕುಗ್ಗತೊಡಗಿತು. ಗಾಬರಿಯಾಗಿ ಬಿಸಿ ಇಳಿಸಿದೆ—ಇಳಿಸಿದ್ದು ಹೆಚ್ಚಾಯಿತು, ಗೋಳವೆಲ್ಲ ಬೆಳ್ಳಗಾಯಿತು. ಮತ್ತೆ ಏರಿಸಿದೆ. ಪಕ್ಕದಲ್ಲಿ ಅನು ಇಟ್ಟ ಹೆಸರುಗಳ ಪಟ್ಟಿ ಇತ್ತಲ್ಲ, ಜೀವ ಅಳಿದರೆ ಅದರ ಹೆಸರು ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಂದೊಂದಾಗಿ ತಿರುಗಿದವು. ಕಾಲ ನಿಲ್ಲಿಸುವ ಗುಂಡಿ ಆ ಗಾಬರಿಯಲ್ಲಿ ಕಣ್ಣಿಗೇ ಬೀಳಲಿಲ್ಲ. ಮೂರ್ಕಾಲಪ್ಪ ಹೋದ. ನಿಧಾನಮ್ಮ ಎಲ್ಲರಿಗಿಂತ ಕೊನೆಗೆ ಹೋದಳು. ದಡದಿಂದ ನಾಲ್ಕು ಹೆಜ್ಜೆ ಇತ್ತೇನೋ.

ಆರಿಸಿ ಮತ್ತೆ ಹಾಕಿದರೆ ಹಳೆಯದು ಬರುತ್ತದೆ ಎಂದುಕೊಂಡೆ. ಆ ಆಟ ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ಉಳಿಸಿಕೊಳ್ಳುತ್ತದಂತೆ, ನನಗೇನು ಗೊತ್ತು! ಮತ್ತೆ ಬಂದದ್ದೂ ಅದೇ ಕಂದು ಬಣ್ಣದ ಸತ್ತ ಗೋಳವೇ.

ಅಷ್ಟರಲ್ಲಿ ಗೇಟಿನ ಚಿಲಕದ ಸದ್ದಾಯಿತು.

ವೈರು ಕಿತ್ತೆ. ಸ್ಕ್ರೂಡ್ರೈವರು ತಂದು ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿದೆ. ನೀನು ಕೈಯಲ್ಲಿ ತಾಂಬೂಲದ ಚೀಲ ಹಿಡಿದು ಬಾಗಿಲಲ್ಲಿ ನಿಂತೆ. ‘ಏನಾಯ್ತ್ರೀ? ಇವತ್ ಯಾಕೆ ಅದನ್ನ ಬಿಚ್ಚಿದ್ದೀರಿ?’

ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತೊಂದಿದೆ ನನಗೆ. ಮಿಕ್ಸಿ ತಂದವರಿಗೆ, ಪಂಪು ತಂದವರಿಗೆ, ಒಳಗೆ ನೋಡುವ ಮೊದಲೇ ಹೇಳಿಬಿಡುತ್ತೇನೆ—ನೀರು ಇಳಿದಿದೆ ಎಂದು. ಯಾರೂ ಎದುರು ಮಾತಾಡುವುದಿಲ್ಲ. ಆ ಮಾತೇ ಬಾಯಿಗೆ ಬಂತು.

‘ಸುಟ್ಟ ವಾಸನೆ ಬಂತು, ಬಿಚ್ಚಿ ನೋಡ್ದೆ. ನಿನ್ ಕುಂಕುಮದ ನೀರು ಒಳಕ್ಕೆ ಇಳಿದ್ಬುಟ್ಟಿದೆ ಕಣೆ. ಇನ್ನೇನೂ ಮಾಡಕ್ಕಾಗಲ್ಲ.’

ನೀನು ಚೀಲ ಕೆಳಗಿಟ್ಟೆ. ನಿನ್ನ ಬಲಗೈ ಬೆರಳನ್ನು ನೋಡಿಕೊಂಡೆ. ‘ಜಾಸ್ತಿ ನೀರ್ ಹಾಕಿರ್ಲಿಲ್ಲ ಕಣ್ರೀ... ಬೆರಳಲ್ಲಿ ಒಂದ್ ಚೂರು. ಒಂದೇ ಒಂದ್ ಚೂರು.’

ಆಗಲಾದರೂ ನಿಜ ಹೇಳಬಹುದಿತ್ತು. ನಿನ್ನ ಮುಖ ನೋಡುತ್ತ, ನೋಡುತ್ತಲೇ ಹೇಳಿದೆ—‘ಒಂದ್ ಹನಿ ಸಾಕು ಕಣೆ.’

ಇದು ನಾನು ಮಾಡಿದ ತಪ್ಪು. ಗೋಳ ಹಾಳಾದದ್ದು ಕೈ ತಪ್ಪಿ ಎಂದಾದರೂ ಹೇಳಬಹುದು, ಈ ಮಾತು ಕೈ ತಪ್ಪಿ ಬಂದದ್ದಲ್ಲ. ನಾಲ್ಕು ದಿನ ಬಿಟ್ಟು ನೀನು, ‘ಹೊರಗಡೆ ಯಾರಿಗಾದ್ರೂ ಒಂದ್ಸಲ ತೋರ್ಸೋಣ್ವಾ?’ ಎಂದು ಅಂಜುತ್ತ ಕೇಳಿದೆ. ‘ನನಗಿಂತ ಗೊತ್ತಿರೋನು ಯಾವನೇ ಅವನು?’ ಎಂದು ನಿನ್ನ ಮೇಲೆ ಹಾರಿಬಿದ್ದೆ. ಪೆಟ್ಟಿಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ನೀನು ಮತ್ತೆ ಕೇಳಲಿಲ್ಲ.

ಆಮೇಲಿನ ಯಾವ ಆಯುಧಪೂಜೆಯಲ್ಲೂ ನೀನು ಕುಂಕುಮದ ಬಟ್ಟಲು ಮುಟ್ಟಲಿಲ್ಲ. ನಿನ್ನ ಹೊಲಿಗೆ ಯಂತ್ರಕ್ಕೂ ನಾನೇ ಇಡಬೇಕಾಯಿತು. ಮನೆಗೆ ಬಂದವರು ಮೊಬೈಲು ಕೊಟ್ಟು ಫೋಟೊ ತೆಗೆಯಿರಿ ಎಂದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತೀ. ಮೊದಮೊದಲು ಮರೆಯುತ್ತಾಳೆ ಎಂದುಕೊಂಡೆ. ಆಮೇಲಾಮೇಲೆ ನಾನೇ ಮರೆತವನ ಹಾಗೆ ಇದ್ದುಬಿಟ್ಟೆ. ಒಪ್ಪಿಕೊಳ್ಳುತ್ತೇನೆ, ನನಗೆ ಅದರಿಂದ ಅನುಕೂಲವೂ ಆಗಿತ್ತು. ಮಧ್ಯಾಹ್ನ ಊಟಕ್ಕೆ ಬಂದರೆ ನೀನು ನನ್ನ ಎದುರಿಗೆ ಕೂರುತ್ತಿದ್ದೆ. ನಾನು ಬಯಸಿದ್ದು ಅದೇ ಅಲ್ಲವೇ—ಥೂ!

ಕಳೆದ ವಾರ ನಿನ್ನ ತಂಗಿಯ ಮಗಳು ರೇಖಾ ಹೊಸ ಸ್ಕೂಟರು ತಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿದಳು. ‘ದೊಡ್ಡಮ್ಮ, ಫಸ್ಟ್ ಕುಂಕುಮ ನೀವೇ ಇಡ್ಬೇಕು’ ಎಂದು ಬಟ್ಟಲನ್ನು ನಿನ್ನ ಮುಂದೆ ಹಿಡಿದಳು. ನೀನು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ‘ಬೇಡ ಕಣಮ್ಮ, ಯಂತ್ರಕ್ಕೆ ನನ್ ಕೈ ಆಗಿಬರಲ್ಲ. ನಿಮ್ ದೊಡ್ಡಪ್ಪನ್ ಕೈಲಿ ಇಡಿಸ್ಕೋ. ಒಳ್ಳೇ ಕೈ ಅದು.’

ಒಳ್ಳೇ ಕೈ. ನಾನು ಇಟ್ಟೆ, ಸರೋಜಾ. ಆ ಮಾತು ಕೇಳಿದ ಮೇಲೂ ಬೆರಳದ್ದಿ ಕುಂಕುಮ ಇಟ್ಟು, ಆ ಹುಡುಗಿ ಕಾಲಿಗೆ ಬಿದ್ದಾಗ ಒಳ್ಳೆಯದಾಗಲಿ ಎಂದು ಹರಸಿದೆ. ಅಂದಿನಿಂದ ಅನ್ನ ಸೇರುತ್ತಿಲ್ಲ. ಯಾಕ್ರೀ, ಉಪ್ಪು ಜಾಸ್ತಿಯಾಯ್ತಾ ಎಂದು ನೀನು ಕೇಳುತ್ತಿದ್ದೀ.

ಇವತ್ತು ಅಂಗಡಿ ತೆಗೆಯಲಿಲ್ಲ. ನೀನು ತರಕಾರಿಗೆಂದು ಹೊರಟ ಮೇಲೆ ಏಣಿ ಹಾಕಿ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಒಳಗಿನ ಒಂದು ಚಿಕ್ಕ ಸೆಲ್ ಸತ್ತಿತ್ತು, ಹೊಸದು ಹಾಕಿದೆ. ಬೇರೇನೂ ಮುಟ್ಟಲಿಲ್ಲ, ಧೂಳನ್ನೂ ಒರೆಸಲಿಲ್ಲ. ಮೊದಲ ಸಲಕ್ಕೇ ಹತ್ತಿಕೊಂಡಿತು. ಮತ್ತೆ ಆರಿಸಿ, ಅವಳ ಮೇಜಿನ ಮೇಲೆ ಅದು ಮೊದಲು ಇದ್ದ ಕಡೆಗೇ ಇಟ್ಟಿದ್ದೇನೆ. ಪಕ್ಕದ ಮುಚ್ಚಳ ತೆರೆದೇ ಇದೆ.

ನೀನು ಇಟ್ಟ ಕುಂಕುಮ ಇನ್ನೂ ಅದರ ನೆತ್ತಿಯ ಮೇಲಿದೆ—ಒಣಗಿ, ಕಪ್ಪಾಗಿ, ನಿನ್ನ ಬೆರಳಿನ ಗೆರೆಗಳ ಸಮೇತ. ಹತ್ತಿರ ಹೋಗಿ ನೋಡು. ಇಟ್ಟಲ್ಲಿಂದ ಒಂದು ಎಳೆಯಷ್ಟೂ ಕೆಳಗೆ ಹರಿದಿಲ್ಲ. ಒಳಗೆ ಕೈ ಹಾಕಿ ನೋಡು, ಎಲ್ಲೂ ಕಲೆಯಿಲ್ಲ. ಆಮೇಲೆ ಗುಂಡಿಯನ್ನು ನೀನೇ ಒತ್ತು. ಹತ್ತಿಕೊಳ್ಳುತ್ತದೆ. ಅದರಲ್ಲಿ ಕಾಣುವುದು ಕಂದು ಗೋಳ, ಬೂದಿ ಬಣ್ಣದ ಹೆಸರುಗಳು. ಅವು ನನ್ನ ಕೈಯ ಕೆಲಸ. ಕಾಲ ಓಡಿಸಬೇಡ ಎಂದು ಅನು ಹೇಳಿದ್ದು ನಿನಗೆ, ನೀನು ಅದನ್ನು ನಡೆಸಿಕೊಟ್ಟಿದ್ದೀ. ಕೊನೆಯವರೆಗೂ ನಡೆಸಿಕೊಟ್ಟಿದ್ದೀ.

ಕ್ಷಮಿಸು ಎಂದು ಬರೆಯುವುದಿಲ್ಲ. ಅದನ್ನು ಬರೆದರೆ ಕ್ಷಮಿಸುವ ಭಾರವನ್ನೂ ನಿನ್ನ ಮೇಲೆಯೇ ಹೊರಿಸಿದಂತೆ ಆಗುತ್ತದೆ. ಇದನ್ನು ಓದಿದ ಮೇಲೆ ನೀನು ಬೈದರೂ, ಮಾತು ಬಿಟ್ಟರೂ, ತಂಗಿಯ ಮನೆಗೆ ಹೊರಟರೂ ನಾನು ಅಡ್ಡ ಬರುವುದಿಲ್ಲ. ರೇಖಾಗೂ, ನಿನ್ನ ತಂಗಿಗೂ ನಾನೇ ಹೋಗಿ ಹೇಳುತ್ತೇನೆ.

ಗೇಟಿನ ಚಿಲಕದ ಸದ್ದಾಯಿತು. ನೀನು ಚಪ್ಪಲಿ ಬಿಡುತ್ತಿದ್ದೀ. ವೈರು ಗೋಡೆಗೆ ಸಿಕ್ಕಿಸಿದ್ದೇನೆ, ಈ ಸಲ ಕೀಳುವುದಿಲ್ಲ.