ಮೊದಲ ಕೂಗಿಗೆ ಓಗೊಡಬಾರದು

ನನಗೊಂದು ಕೆಟ್ಟ ಹೆಸರಿದೆ. ಒಂದು ಸಲ ಕರೆದರೆ ನಾನು ತಿರುಗಿ ನೋಡುವುದಿಲ್ಲ. ಚಿಕ್ಕಮಗಳೂರಿನಲ್ಲಿ ನಾನು ಪಾಠ ಮಾಡುವ ಕಾಲೇಜಿನ ಹುಡುಗರು "ಮೇಡಂ" ಎಂದು ಕರೆದಾಗ ನಾನು ಕೇಳಿಸದವಳಂತೆ ಮುಂದೆ ನಡೆಯುವುದನ್ನು ಕಂಡು, ಇವರಿಗೆ ಕೊಬ್ಬು ಎಂದು ತೀರ್ಮಾನಿಸಿದ್ದಾರೆ. ಕೊಬ್ಬಲ್ಲ, ತರಬೇತಿ. ಮದುವೆಯಾಗಿ ಬಣಕಲ್ ಹತ್ತಿರದ ಈ ಕಾಫಿತೋಟಕ್ಕೆ ಬಂದ ಹೊಸತು. ಮುಸ್ಸಂಜೆಯಲ್ಲಿ ತೋಟದ ಕಡೆಯಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದರು. "ಆಂ, ಬಂದೆ" ಎನ್ನಲು ಬಾಯಿ ತೆರೆದೆನೋ ಇಲ್ಲವೋ, ಕಡುಬಿಗೆ ಹಿಟ್ಟು ನಾದುತ್ತಿದ್ದ ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿದರು.

"ಮೊದ್ಲ ಕೂಗಿಗೆ ಓಗೊಡಬಾರ್ದು ಮಾರಾಯ್ತಿ. ಮನುಷ್ಯರಾದ್ರೆ ಮೂರು ಸಲ ಕೂಗ್ತಾರೆ. ಬೇರೆಯವು ಒಂದೇ ಸಲ."

ಆ ಸಂಜೆ ಎರಡನೆಯ ಕೂಗು ಬರಲಿಲ್ಲ. 'ಬೇರೆಯವು' ಎಂದರೆ ಯಾವುವು ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ಇಂಥ ನಾನು ಸಂಶೋಧನೆಗೆ ಆರಿಸಿಕೊಂಡ ವಿಷಯ ಮೈಕ್ರೋಸರ್ವಿಸ್. ಹೆಸರಿಗೆ ಹೆದರಬೇಡಿ. ಹಿಂದೆ ತಂತ್ರಾಂಶವೆಂದರೆ ಕೂಡುಕುಟುಂಬದ ಅಡುಗೆಮನೆ. ಇದ್ದ ಒಂದು ಒಲೆ ಆರಿದರೆ ಮನೆಮಂದಿಗೆಲ್ಲ ಉಪವಾಸ. ಈಗ ಅದನ್ನು ಹಿಸ್ಸೆ ಮಾಡಿ ಪುಟ್ಟ ಪುಟ್ಟ ಸೇವೆಗಳಾಗಿ ಒಡೆಯುತ್ತಾರೆ. ನೀವು ಮೊಬೈಲಿನಲ್ಲಿ ಬಸ್ ಟಿಕೆಟ್ ತೆಗೆಯುವಾಗ ಸೀಟು ನೋಡುವುದು ಒಂದು, ದುಡ್ಡು ಪಡೆಯುವುದು ಇನ್ನೊಂದು, ಮೆಸೇಜು ಕಳಿಸುವುದು ಮತ್ತೊಂದು. ಒಂದರ ಮುಖ ಇನ್ನೊಂದು ಕಂಡಿಲ್ಲ. ಕತ್ತಲಲ್ಲಿ ಕೂತು ಒಂದನ್ನೊಂದು ಕೂಗುತ್ತವೆ, ಓಗೊಡುತ್ತವೆ, ಅಷ್ಟೇ ಅವುಗಳ ಸಂಬಂಧ.

ನಮ್ಮ ಕಡೆಯವರಿಗೆ ಇದು ಹೊಸ ಸಂಗತಿಯೇನಲ್ಲ. ಕಳಸ ಪೇಟೆಯ ಗುಡಿಯಲ್ಲಿ ಎಲ್ಲವನ್ನೂ ನೋಡಿಕೊಳ್ಳುವ ದೊಡ್ಡ ದೇವರಿದ್ದಾನೆ, ಸರಿ. ಆದರೂ ತೋಟದ ಗಡಿಗೊಂದು ಚೌಡಿ, ಹುತ್ತದಲ್ಲೊಬ್ಬ ನಾಗ, ದನಕರುಗಳಿಗೆ ಬೇರೆಯೇ ಒಂದು ಭೂತ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಒಳಗೊಳಗೆ ಅವರು ಏನು ಮಾಡುತ್ತಾರೆಂದು ನಾವೂ ಕೇಳುವುದಿಲ್ಲ. ವರ್ಷಕ್ಕೊಂದು ಕೋಳಿ, ನಾಗನಿಗಾದರೆ ಹಾಲು ಎಂಬ ಕರಾರನ್ನು ಪಾಲಿಸಿದರೆ ಸಾಕು.

ಈ ಏರ್ಪಾಡಿನಲ್ಲಿ ನಿದ್ದೆಗೆಡಿಸುವುದು ಮೌನ. ಒಂದು ಸೇವೆ ಕೂಗಿತು, ಉತ್ತರ ಬರಲಿಲ್ಲ. ಆ ಕಡೆಯದು ಸತ್ತೇಹೋಗಿದೆಯೋ, ಬದುಕಿದ್ದು ತಡಮಾಡುತ್ತಿದೆಯೋ, ಅಥವಾ ಅದು ಕೊಟ್ಟ ಉತ್ತರ ದಾರಿಯಲ್ಲಿ ಕಳೆದುಹೋಯಿತೋ? ಕೂಗಿದವರ ಕಿವಿಗೆ ಇವೆಲ್ಲವೂ ಒಂದೇ. ಆದ್ದರಿಂದ ಮತ್ತೆ ಕೂಗಬೇಕು. ಸಾಮಾನ್ಯವಾಗಿ ಮೂರು ಸಲ, ಆಮೇಲೆ ಕೈಬಿಡಬೇಕು. ಇದನ್ನು ಮೊದಲು ಓದಿದ ದಿನ ನನ್ನ ತುಟಿಯ ಮೇಲೆ ಮತ್ತೆ ಅಕ್ಕಿಹಿಟ್ಟಿನ ರುಚಿ ಬಂತು.

ನಾನು ಹಿಡಿದಿರುವ ಪ್ರಶ್ನೆ ಅನಾಥ ಸೇವೆಗಳದ್ದು. ಅಂಥ ಸೇವೆಯನ್ನು ಬರೆದವರು ಎಂದೋ ಕೆಲಸ ಬಿಟ್ಟು ಹೋಗಿರುತ್ತಾರೆ. ಅದು ಯಾರಿಗೆ ಬೇಕಾಗಿದೆ ಎಂಬುದು ಉಳಿದವರಿಗೆ ತಿಳಿಯದು. ಅದು ಮಾತ್ರ ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ, ತೆಗೆಯಲು ಎಲ್ಲರಿಗೂ ಭಯ. ನಮ್ಮ ವೃತ್ತಿಯಲ್ಲಿ ಇದಕ್ಕೊಂದು ಒರಟು ಪರೀಕ್ಷೆ ಇದೆ: ಸುಮ್ಮನೆ ನಿಲ್ಲಿಸಿಬಿಡಿ, ಯಾರು ಕೂಗಿಕೊಳ್ಳುತ್ತಾರೋ ನೋಡಿ.

ನಮ್ಮ ತೋಟದಲ್ಲೂ ಅಂಥದ್ದೊಂದಿತ್ತು. ಬಸ್ಸಿಳಿದು ಮನೆಗೆ ಬರುವ ಕಾಲುದಾರಿ ಕವಲೊಡೆಯುವಲ್ಲಿ ಚೌಡಿಯ ಕಲ್ಲಿದೆ. ಎಡಕ್ಕೆ ಏರಿದರೆ ಮನೆ. ಬಲಕ್ಕೆ ಇಳಿದರೆ ದನ ಬಿದ್ದರೂ ಮೇಲೆ ಬಾರದ ಜೌಗು. ಆ ಕಲ್ಲಿಗೆ ಅತ್ತೆ ಪ್ರತಿ ಸಂಜೆ ದೀಪ ಇಟ್ಟು ಬರುತ್ತಿದ್ದರು. ವಾಪಸು ಏರು ಹತ್ತುವಾಗ ಅವರ ಮಂಡಿಗಳ ಅವಸ್ಥೆ ನೋಡಲಾಗುತ್ತಿರಲಿಲ್ಲ.

"ಎಂತಕ್ಕೆ ಅತ್ತೆ ಈ ದೀಪ?" ಎಂದು ಕೇಳಿದೆ.

"ಎಂತಕ್ಕೋ ಏನೋ. ನನ್ನತ್ತೆ ಇಡ್ತಿದ್ರು, ನಾನೂ ಇಡ್ತೀನಿ."

"ಸ್ವಲ್ಪ ದಿನ ಬಿಟ್ಟು ನೋಡಣ. ಯಾರಿಗೆ ಬೇಕೋ ಅವ್ರು ಕೂಗ್ತಾರೆ."

ಅತ್ತೆ ನನ್ನ ಮುಖವನ್ನೇ ನೋಡಿದರು. "ಕೂಗಿದ್ರೆ ಓಗೊಡೋದು ಯಾರು?" ಎಂದರು.

ಆದರೂ ಮಂಡಿನೋವು ನನ್ನ ಪರವಾಗಿ ವಾದಿಸಿ ಗೆದ್ದಿತು. ದೀಪ ನಿಂತಿತು. ಯಾರೂ ಕೂಗಲಿಲ್ಲ. ಜೀರುಂಡೆಗಳು ಎಂದಿನಂತೆ ಕಿರುಚಿದವು, ಕಾಫಿಹಣ್ಣು ಎಂದಿನಂತೆ ಕೆಂಪಾಯಿತು. ಈ ಸೇವೆಗೆ ಬಳಕೆದಾರರೇ ಇಲ್ಲ ಎಂದು ಗಂಡ ಸುರೇಶನ ಎದುರು ಜಂಬ ಕೊಚ್ಚಿಕೊಂಡೆ.

ಆಮೇಲೊಂದು ಸಂಜೆ ಮಂಜು ಇಳಿದಿತ್ತು. ಬಸ್ಸಿಳಿದು ನಡೆದೆ. ನಿತ್ಯದ ದಾರಿ, ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರುತ್ತೇನೆಂಬ ಧೈರ್ಯ. ಇಷ್ಟು ವರ್ಷ ದೀಪ ಕಂಡಲ್ಲಿ ಎಡಕ್ಕೆ ತಿರುಗುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ಗೊತ್ತಾದದ್ದು ಚಪ್ಪಲಿ ಕೆಸರಿನಲ್ಲಿ ಹೂತಾಗ. ಮೊಬೈಲಿನ ಟಾರ್ಚು ಹಾಕಿದರೆ ಎದುರಿಗೆ ಬರೀ ಬಿಳಿ ಗೋಡೆ. ಆ ತಗ್ಗಿಗೆ ಸಿಗ್ನಲ್ ಎಂದೂ ಇಳಿದದ್ದಿಲ್ಲ. ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯಿತು. ಕೆಸರು ಮಂಡಿಯ ಮೇಲೆ ಬಂದಾಗ ನನಗೆ ನಿಜವಾಗಿಯೂ ಜೀವಭಯವಾಯಿತು.

ಗುಡ್ಡದಿಂದ ಗುಡ್ಡಕ್ಕೆ ಹಾಕುವ ಕೂ ಇದೆಯಲ್ಲ, ಅದನ್ನು ಹಾಕಿದೆ. ಉಸಿರು ಮುಗಿಯುವ ಮೊದಲೇ ಎಡಗಡೆ ಮೇಲಿನಿಂದ "ಕೂ" ಎಂದು ಉತ್ತರ ಬಂತು. ಹೆಂಗಸಿನ ದನಿ, ಚೆನ್ನಾಗಿ ಪರಿಚಯವಿದ್ದ ದನಿ. ಅತ್ತೆಯೇ ಎಂದುಕೊಂಡು ಆ ದಿಕ್ಕಿಗೆ ಮೈ ಚೆಲ್ಲಿದೆ. ಕೈಗೊಂದು ಬೇರು ಸಿಕ್ಕಿತು. ತೆವಳಿ ಗಟ್ಟಿ ನೆಲ ಮುಟ್ಟಿ ಮತ್ತೆ ಕೂಗಿದೆ. ಉತ್ತರವಿಲ್ಲ. ಮೂರನೆಯ ಸಲ ಕೂಗಿದಾಗ ಮನೆಯ ಕಡೆಯಿಂದ ಸುರೇಶ "ಓಯ್, ಅಲ್ಲೇ ನಿಲ್ಲು!" ಎಂದ. ಅವನ ಟಾರ್ಚು ಹತ್ತಿರ ಬಂದಾಗ ನಾನು ಒರಗಿ ಕೂತಿದ್ದದ್ದು ಚೌಡಿ ಕಲ್ಲಿಗೆ.

ಮನೆಯಲ್ಲಿ ಬಿಸಿನೀರು ಕಾಲಿಗೆ ಬಿದ್ದ ಮೇಲೆ ನನ್ನ ನಾಲಿಗೆಗೂ ಜೀವ ಬಂತು. "ಮೊದಲ ಕೂಗಿಗೇ ಓಗೊಟ್ರಲ್ಲ ಅತ್ತೆ, ನಿಮ್ಮ ಪಾಠ ಎಲ್ಲಿ ಹೋಯ್ತು?" ಎಂದು ಕೆಣಕಿದೆ.

"ಯಾರು ಓಗೊಟ್ರು?" ಎಂದ ಸುರೇಶ. "ಮೊದ್ಲ ಕೂಗಿಗೇ ನಾನು ಓಡಕ್ಕೆ ಹೊರಟಿದ್ದೆ. ಅಮ್ಮ ಕೈ ಹಿಡ್ಕಂಡು ಬಿಡ್ಲೇ ಇಲ್ಲ. ಮೂರಾದ ಮೇಲೆ ಬಿಟ್ಟಿದ್ದು."

ಅತ್ತೆ ಒಲೆಗೆ ಸೌದೆ ಒಟ್ಟಿದರು. "ನಾಳೆಯಿಂದ ದೀಪ ನೀನೇ ಇಡು. ಈ ಮಂಡಿ ಇಟ್ಕಂಡು ನನ್ನ ಕೈಲಿ ಆಗಲ್ಲ" ಎಂದರು.

ದೀಪ ನಿಲ್ಲಿಸಿದ್ದನ್ನು ಸಂಶೋಧನೆಯ ಗೈಡಿಗೆ ಮೊದಲೇ ಹೇಳಿದ್ದೆ. ಪರೀಕ್ಷೆಯಲ್ಲಿ ಯಾರು ಕೂಗಿಕೊಂಡರು ಎಂದು ಅವರು ಕೇಳಿದಾಗ, "ನಾನೇ ಸಾರ್" ಎಂದೆ. ಅವರು ಹೊಟ್ಟೆ ಹಿಡಿದು ನಕ್ಕರು. ಓಗೊಟ್ಟದ್ದು ಯಾರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮರುದನಿ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಮರುದನಿಯಾದರೆ ಎರಡನೆಯ ಕೂಗಿಗೂ ಬರಬೇಕಿತ್ತಲ್ಲ ಎಂದು ಒಳಗಿನ ಸಂಶೋಧಕಿ ಆಗಾಗ ತಕರಾರು ತೆಗೆಯುತ್ತಾಳೆ.

ಕಳೆದ ವಾರ ದೀಪ ಇಟ್ಟು ಏಳುತ್ತಿದ್ದೆ. ಅವತ್ತೂ ಮಂಜಿತ್ತು. ಕೆಳಗೆ ಜೌಗಿನ ಕಡೆಯಿಂದ ಒಂದು ಕೂ ಬಂತು. ಹೆಂಗಸಿನ ದನಿ, ಕೇಳಿದ ದನಿಯೇ, ಆದರೆ ಎಲ್ಲಿ ಕೇಳಿದ್ದೆನೆಂದು ಹೊಳೆಯಲಿಲ್ಲ. ಕಾದೆ, ಎರಡನೆಯದು ಬರಲಿಲ್ಲ. ಅತ್ತೆಯ ಪಾಠ ಚೆನ್ನಾಗಿ ನೆನಪಿತ್ತು. ಆದರೆ ಕೆಸರಿನಲ್ಲಿ ನಿಂತವರಿಗೆ ಮೌನ ಹೇಗೆ ಕೇಳಿಸುತ್ತದೆ ಎಂಬುದೂ ಈಗ ನನಗೆ ಗೊತ್ತಿತ್ತು.

ಅಂದು ನನಗೆ ಉತ್ತರ ಬಂದಿದ್ದ ಆ ಕಲ್ಲಿನ ಪಕ್ಕದಲ್ಲೇ ನಿಂತು, ಎರಡೂ ಕೈ ಬಾಯಿಯ ಸುತ್ತ ಹಿಡಿದು, ಮೊದಲ ಕೂಗಿಗೇ ಓಗೊಟ್ಟೆ.